ತವರು ಸಿಕ್ಕ ಬ್ಯಾಂಡಿಟ್ಸ್: ಮಹಿಳಾ ಸಾಫ್ಟ್‌ಬಾಲ್ ಲೀಗ್‌ನ ಹೊಸ ಋತು, ಬೆಂಗಳೂರಿನ ಕಣ್ಣಲ್ಲಿ

ಕನ್ನಡ ಪತ್ರಿಕೆಗಳ ಕ್ರೀಡಾ ಪುಟದಲ್ಲಿ ತಂಡವೊಂದು ತನ್ನ ಊರಿನಲ್ಲಿ ಆಡುವ ಪಂದ್ಯವನ್ನು ‘ತವರಿನಂಗಳದ ಪಂದ್ಯ’ ಎಂದು ಬರೆಯುವ ರೂಢಿಯಿದೆ. ತವರು ಎಂಬ ಮಾತಿಗೆ ನಮ್ಮ ಹೆಣ್ಣುಮಕ್ಕಳ ಬದುಕಿನಲ್ಲಿ ಇರುವ ತೂಕವನ್ನು ಬಲ್ಲವರಿಗೆ, ಅದನ್ನು ಗಂಡಸರ ಕ್ರಿಕೆಟ್ ತಂಡಕ್ಕೆ ಅಂಟಿಸಿದಾಗ ತುಸು ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಅಮೆರಿಕದ ಮಹಿಳಾ ವೃತ್ತಿಪರ ಸಾಫ್ಟ್‌ಬಾಲ್ ತಂಡಗಳು 2026ರ ಋತುವಿಗೆ ಸಜ್ಜಾಗಿರುವ ಬಗೆಯನ್ನು ಹೇಳಲು ಇದಕ್ಕಿಂತ ಸರಿಯಾದ ಪದ ನನಗೆ ಹೊಳೆಯುತ್ತಿಲ್ಲ. ಬ್ಯಾಂಡಿಟ್ಸ್ ಎಂಬ ತಂಡ 2025ರಲ್ಲಿ ಫೈನಲ್‌ವರೆಗೆ ಹೋಯಿತು. ಅದಕ್ಕೆ ಹೆಸರಿತ್ತು, ತರಬೇತುದಾರರಿದ್ದರು, ಸಮವಸ್ತ್ರವಿತ್ತು, ಟಿ.ವಿ. ಪ್ರಸಾರವೂ ಇತ್ತು, ಇಲ್ಲದಿದ್ದದ್ದು ಊರು ಮಾತ್ರ. ಈಗ ಆ ಹೆಸರಿನ ಹಿಂದೆ ‘ಷಿಕಾಗೊ’ ಸೇರಿಕೊಂಡಿದೆ. ಹೊಸ ಋತುವಿನ ತಯಾರಿ ಎಂದರೆ ಅಭ್ಯಾಸ, ವ್ಯಾಯಾಮ, ಹೊಸ ಆಟಗಾರ್ತಿಯರ ಆಯ್ಕೆ ಎಂದು ನಾವು ತಿಳಿಯುತ್ತೇವೆ. ಅವೆಲ್ಲ ಇದ್ದೇ ಇವೆ. ಆದರೆ ಈ ಸಲದ ತಯಾರಿಯ ತಿರುಳು ಆ ಒಂದು ಪದದಲ್ಲಿದೆ ಎಂಬುದು ನನ್ನ ವಾದ, ಮತ್ತು ಅದು ಬೆಂಗಳೂರಿನವರಿಗೆ ಅರ್ಥವಾದಷ್ಟು ಸುಲಭವಾಗಿ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ.

ಲೀಗ್‌ನ ಪೂರ್ತಿ ಹೆಸರು ಅಥ್ಲೀಟ್ಸ್ ಅನ್‌ಲಿಮಿಟೆಡ್ ಸಾಫ್ಟ್‌ಬಾಲ್ ಲೀಗ್. ಇದನ್ನು ನಡೆಸುವ ಸಂಸ್ಥೆ 2020ರಲ್ಲಿ ಸಾಫ್ಟ್‌ಬಾಲ್‌ಗೆ ಕೈಹಾಕಿದಾಗ ಅಲ್ಲಿ ಖಾಯಂ ತಂಡಗಳೇ ಇರಲಿಲ್ಲ. ಆಟಗಾರ್ತಿಯರನ್ನು ವಾರಕ್ಕೊಮ್ಮೆ ಹೊಸದಾಗಿ ಹಂಚಲಾಗುತ್ತಿತ್ತು, ಅಂಕಗಳು ಆಯಾ ಆಟಗಾರ್ತಿಯ ಹೆಸರಿಗೆ ಜಮೆಯಾಗುತ್ತಿದ್ದವು, ಕೊನೆಯಲ್ಲಿ ಅತಿ ಹೆಚ್ಚು ಅಂಕ ಗಳಿಸಿದವಳೇ ಚಾಂಪಿಯನ್. ಪಂದ್ಯಗಳೆಲ್ಲ ಷಿಕಾಗೊ ಮಗ್ಗುಲಿನ ರೋಸ್‌ಮಾಂಟ್‌ನಲ್ಲೇ ನಡೆದವು. ಲೆಕ್ಕದ ದೃಷ್ಟಿಯಿಂದ ಇದು ಜಾಣ ಏರ್ಪಾಡು: ಪ್ರಯಾಣದ ಖರ್ಚಿಲ್ಲ, ಫ್ರಾಂಚೈಸಿ ಮಾಲೀಕರ ತಕರಾರಿಲ್ಲ, ಒಂದು ತಂಡ ದಿವಾಳಿಯೆದ್ದು ಇಡೀ ಟೂರ್ನಿ ಮುಗ್ಗರಿಸುವ ಭಯವಿಲ್ಲ. ತೊಡಕಾದದ್ದು ನೋಡುಗರಿಗೆ. ಈ ವಾರ ‘ನಮ್ಮವಳು’ ಎಂದು ಚಪ್ಪಾಳೆ ತಟ್ಟಿಸಿಕೊಂಡವಳು ಬರುವ ವಾರ ಎದುರಾಳಿ. ಯಾರ ಪರವಾಗಿ ಕೂಗಬೇಕು? 2025ರಲ್ಲಿ ಸಂಸ್ಥೆ ದಾರಿ ಬದಲಿಸಿ ಬ್ಯಾಂಡಿಟ್ಸ್, ಟ್ಯಾಲನ್ಸ್, ವೋಲ್ಟ್ಸ್, ಬ್ಲೇಜ್ ಎಂಬ ನಾಲ್ಕು ಖಾಯಂ ತಂಡಗಳನ್ನು ಕಟ್ಟಿತು. ಆದರೆ ಅವು ಬಯಲಾಟದ ಮೇಳಗಳ ಹಾಗೆ ಊರಿಂದೂರಿಗೆ ಸುತ್ತಿದವು. ಜೂನ್ 7ರಂದು ಶುರುವಾದ ಆ ತಿರುಗಾಟ ಜುಲೈ ಕೊನೆಯ ವಾರ ಅಲಬಾಮಾದ ಟಸ್ಕಲೂಸಾದಲ್ಲಿ ಮುಗಿಯಿತು. ಅಲ್ಲಿ ಟ್ಯಾಲನ್ಸ್ ತಂಡ ಬ್ಯಾಂಡಿಟ್ಸನ್ನು ಸತತ ಎರಡು ಪಂದ್ಯಗಳಲ್ಲಿ ಮಣಿಸಿ ಮೊದಲ ಪ್ರಶಸ್ತಿ ಗೆದ್ದಿತು. 2026ಕ್ಕೆ ತಂಡಗಳು ಆರಾಗಿವೆ: ಷಿಕಾಗೊ ಬ್ಯಾಂಡಿಟ್ಸ್, ಯೂಟಾ ಟ್ಯಾಲನ್ಸ್, ಟೆಕ್ಸಸ್ ವೋಲ್ಟ್ಸ್, ಕೆರೊಲಿನಾ ಬ್ಲೇಜ್, ಜೊತೆಗೆ ಹೊಸಬರಾದ ಪೋರ್ಟ್‌ಲ್ಯಾಂಡ್ ಕ್ಯಾಸ್ಕೇಡ್ ಮತ್ತು ಒಕ್ಲಹೋಮ ಸಿಟಿ ಸ್ಪಾರ್ಕ್. ತಂಡವಿಲ್ಲದ ಆಟದಿಂದ ಊರಿಲ್ಲದ ತಂಡಕ್ಕೆ, ಅಲ್ಲಿಂದ ಊರುಳ್ಳ ತಂಡಕ್ಕೆ ಬರಲು ಈ ಸಂಸ್ಥೆಗೆ ಆರು ವರ್ಷ ಹಿಡಿಯಿತು.

ಆಟದ ಪರಿಚಯ ಇಲ್ಲದವರಿಗಾಗಿ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾಫ್ಟ್‌ಬಾಲ್ ಹುಟ್ಟಿದ್ದೇ ಷಿಕಾಗೊದಲ್ಲಿ, 1887ರ ಚಳಿಗಾಲದಲ್ಲಿ, ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ. ಹಗ್ಗ ಬಿಗಿದ ಬಾಕ್ಸಿಂಗ್ ಗ್ಲೌಸೇ ಚೆಂಡು, ಕಸಪೊರಕೆಯ ಹಿಡಿಯೇ ಬ್ಯಾಟು. ಹೆಸರಿನಲ್ಲಿ ‘ಸಾಫ್ಟ್’ ಉಳಿದುಕೊಂಡಿದೆಯೇ ಹೊರತು ಇಂದಿನ ಹಳದಿ ಚೆಂಡು ಮೆತ್ತಗೇನೂ ಇಲ್ಲ; 12 ಅಂಗುಲ ಸುತ್ತಳತೆಯ ಅದು ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ತೂಕದಲ್ಲೂ ತುಸು ಹೆಚ್ಚು. ಬೇಸ್‌ಬಾಲ್‌ನಲ್ಲಿ 9 ಇನಿಂಗ್ಸ್, ಇಲ್ಲಿ 7. ಅಲ್ಲಿ ಪಿಚರ್ 60 ಅಡಿ 6 ಅಂಗುಲ ದೂರದಿಂದ ಭುಜದ ಮೇಲಿಂದ ಎಸೆಯುತ್ತಾನೆ. ಇಲ್ಲಿ 43 ಅಡಿಯಿಂದ, ತೋಳನ್ನು ಗಾಳಿಗಿರಣಿಯಂತೆ ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಿಂದ ಚೆಂಡು ಬಿಡುತ್ತಾಳೆ. ಗಂಟೆಗೆ 110 ಕಿ.ಮೀ. ಎಂದರೆ ಕ್ರಿಕೆಟ್ ನೋಡುವ ನಮಗೆ ಮಧ್ಯಮ ವೇಗ ಎನಿಸಬಹುದು. ಆದರೆ ಪಿಚರ್ ಒಂದು ಹೆಜ್ಜೆ ಮುಂದೆ ಬಂದೇ ಬಿಡುವುದರಿಂದ ಚೆಂಡು ಹಾಯುವ ದೂರ ಹನ್ನೊಂದು–ಹನ್ನೆರಡು ಮೀಟರ್ ಮಾತ್ರ. ನಡುವೆ ನೆಲಕ್ಕೆ ತಾಗಿ ವೇಗ ಕಳೆದುಕೊಳ್ಳುವುದೂ ಇಲ್ಲ. ಬ್ಯಾಟು ಹಿಡಿದವಳಿಗೆ ಸಿಗುವುದು 0.4 ಸೆಕೆಂಡಿಗೂ ಕಡಿಮೆ ಸಮಯ. 140 ಕಿ.ಮೀ. ವೇಗದ ಬೌಲರ್ ಎದುರು ನಿಂತ ಕ್ರಿಕೆಟ್ ಬ್ಯಾಟರ್‌ಗೆ ಇದಕ್ಕಿಂತ ಹೆಚ್ಚು ಪುರುಸೊತ್ತಿದೆ. ಅಮೆರಿಕದ ಮೋನಿಕಾ ಆ್ಯಬಟ್ 2012ರಲ್ಲಿ ಗಂಟೆಗೆ 77 ಮೈಲಿ, ಅಂದರೆ ಸುಮಾರು 124 ಕಿ.ಮೀ. ವೇಗದಲ್ಲಿ ಎಸೆದು ದಾಖಲೆ ಬರೆದಳು. ‘ಹೆಣ್ಣುಮಕ್ಕಳ ಬೇಸ್‌ಬಾಲ್’ ಎಂದು ಇದನ್ನು ತಳ್ಳಿಹಾಕುವವರು ಒಮ್ಮೆ ಆ 43 ಅಡಿಯ ಎದುರು ನಿಂತು ನೋಡಬೇಕು.

ಇಷ್ಟು ಚುರುಕಾದ ಆಟ, ಕ್ರೀಡೆಗೆ ಹಣ ಸುರಿಯುವ ದೇಶ. ಆದರೂ ವೃತ್ತಿಪರ ಲೀಗ್ ಯಾಕೆ ನಿಲ್ಲಲಿಲ್ಲ? ಮೊದಲ ಯತ್ನ 1976ರದು. ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್, ಆ ಕಾಲದ ಅಪ್ರತಿಮ ಪಿಚರ್ ಜೋನ್ ಜಾಯ್ಸ್ ಮೊದಲಾದವರು ಸೇರಿ ಕಟ್ಟಿದ ಲೀಗ್ ನಾಲ್ಕು ಋತು ನಡೆದು ನಿಂತಿತು. ನಾಲ್ಕೂ ಸಲ ಗೆದ್ದದ್ದು ಜಾಯ್ಸ್ ಇದ್ದ ಕನೆಕ್ಟಿಕಟ್ ಫಾಲ್ಕನ್ಸ್ ಎಂಬುದೇ ಅದರ ದೌರ್ಬಲ್ಯವನ್ನೂ ಹೇಳುತ್ತದೆ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವ ಟೂರ್ನಿಗೆ ಟಿಕೆಟ್ ಕೊಳ್ಳುವವರು ಕಡಿಮೆ. 1997ರಲ್ಲಿ ಇನ್ನೊಂದು ಲೀಗ್ ಬಂದು 2001ಕ್ಕೆ ಮುಗಿಯಿತು. ಮೂರನೆಯದು 2004ರಲ್ಲಿ ಆರಂಭವಾದ ನ್ಯಾಷನಲ್ ಪ್ರೊ ಫಾಸ್ಟ್‌ಪಿಚ್. ಇದು ಕುಂಟುತ್ತಲೇ ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಸಾಗಿತು, ಕೋವಿಡ್ ವರ್ಷ ಪಂದ್ಯಗಳು ರದ್ದಾದವು, 2021ರಲ್ಲಿ ಬಾಗಿಲು ಹಾಕಿತು.

ಬ್ಯಾಂಡಿಟ್ಸ್ ಎಂಬ ಹೆಸರು ಈ ಮೂರನೆಯ ಲೀಗ್‌ನಿಂದ ಉಳಿದುಬಂದದ್ದು. 2005ರಲ್ಲಿ ಹುಟ್ಟಿದ ಆ ಹಳೆಯ ಷಿಕಾಗೊ ಬ್ಯಾಂಡಿಟ್ಸ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಜೆನ್ನಿ ಫಿಂಚ್ ಆಡುತ್ತಿದ್ದಳು. ಜನ ಆಟಕ್ಕಿಂತ ಹೆಚ್ಚಾಗಿ ಅವಳನ್ನು ನೋಡಲು ಬರುತ್ತಿದ್ದರು ಎಂದರೂ ತಪ್ಪಾಗದು. 2011ರಲ್ಲಿ ರೋಸ್‌ಮಾಂಟ್ ಊರಿನವರು ಈ ತಂಡಕ್ಕೆಂದೇ ಒಂದು ಕ್ರೀಡಾಂಗಣ ಕಟ್ಟಿಸಿದರು. ರೋಸ್‌ಮಾಂಟ್ ಇರುವುದು ಷಿಕಾಗೊ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡು, ನಮ್ಮ ದೇವನಹಳ್ಳಿಯ ಹಾಗೆ. ಹೆಣ್ಣುಮಕ್ಕಳ ಒಂದು ತಂಡಕ್ಕಾಗಿ ಪ್ರತ್ಯೇಕ ಕ್ರೀಡಾಂಗಣ ಕಟ್ಟುವುದು ಅಮೆರಿಕದಲ್ಲೂ ಅಪರೂಪದ ಸಂಗತಿ. ಅದೇ ವರ್ಷ ತಂಡ ಪ್ರಶಸ್ತಿ ಗೆದ್ದಿತು, ಮುಂದೆ 2015 ಮತ್ತು 2016ರಲ್ಲೂ ಗೆದ್ದಿತು. ಆಮೇಲೆ ಲೀಗ್ ಹೋಯಿತು, ತಂಡವೂ ಹೋಯಿತು, ಕ್ರೀಡಾಂಗಣ ಉಳಿಯಿತು. ತಂಡವಿಲ್ಲದ 2020ರ ಆ ಪ್ರಯೋಗ ನಡೆದದ್ದೂ ಅದೇ ಅಂಗಳದಲ್ಲಿ. ಹೆಸರು ಮತ್ತೆ ಊರಿಗೆ ಬಂದಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಒಮ್ಮೆ ತವರನ್ನು ಕಂಡು, ಕಳೆದುಕೊಂಡು, ಮತ್ತೆ ಪಡೆದ ಹೆಸರು ಅದು.

ಹಳೆಯ ಲೀಗ್ ಯಾಕೆ ಸೋತಿತು ಎಂಬುದನ್ನು ಒಂದೇ ಒಪ್ಪಂದದಿಂದ ತಿಳಿಯಬಹುದು. 2016ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಸ್ಕ್ರ್ಯಾಪ್ ಯಾರ್ಡ್ ಡಾಗ್ಸ್ ತಂಡ ಮೋನಿಕಾ ಆ್ಯಬಟ್ ಜೊತೆ ಆರು ವರ್ಷಕ್ಕೆ 10 ಲಕ್ಷ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಸುದ್ದಿ ದೊಡ್ಡದಾಯಿತು. ಒಳಗಿನ ಲೆಕ್ಕ ಬೇರೆಯೇ ಇತ್ತು. ತಂಡವೊಂದು ತನ್ನ ಅಷ್ಟೂ ಆಟಗಾರ್ತಿಯರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಲೀಗ್ ಬಿಗಿಯಾದ ಮಿತಿ ಹಾಕಿತ್ತು. ಹಾಗಾಗಿ ಆ್ಯಬಟ್‌ಗೆ ವರ್ಷಕ್ಕೆ ನಿಶ್ಚಿತವಾಗಿ ಸಿಗುತ್ತಿದ್ದದ್ದು 20 ಸಾವಿರ ಡಾಲರ್. ಉಳಿದದ್ದನ್ನು ಕ್ರೀಡಾಂಗಣಕ್ಕೆ ಬರುವ ಜನರ ಸಂಖ್ಯೆಗೆ ಕಟ್ಟಿದ ಬೋನಸ್ ರೂಪದಲ್ಲಿ ಕೊಡುವ ಉಪಾಯ ಹುಡುಕಲಾಗಿತ್ತು. ಜಗತ್ತಿನ ಅತಿ ವೇಗದ ಪಿಚರ್‌ನ ಪಾಡೇ ಇದಾದರೆ ಉಳಿದವರ ಗತಿಯೇನು? ಬಹುತೇಕರು ವರ್ಷದ ಹತ್ತು ತಿಂಗಳು ಕಾಲೇಜುಗಳಲ್ಲಿ ಸಹಾಯಕ ತರಬೇತುದಾರರಾಗಿಯೋ, ಮಕ್ಕಳಿಗೆ ಖಾಸಗಿ ಪಾಠ ಹೇಳಿಯೋ ದುಡಿದು, ಬೇಸಿಗೆಯ ಎರಡು ತಿಂಗಳು ‘ವೃತ್ತಿಪರ’ ಆಟಗಾರ್ತಿಯರಾಗುತ್ತಿದ್ದರು. ವೃತ್ತಿ ಯಾವುದು, ಹವ್ಯಾಸ ಯಾವುದು ಎಂಬುದು ತಿರುವುಮುರುವಾದ ಸ್ಥಿತಿ ಅದು.

ಇನ್ನೂ ದೊಡ್ಡ ತಿರುವುಮುರುವು ಕಾಲೇಜಿನಲ್ಲಿದೆ. 1972ರ ‘ಟೈಟಲ್ ನೈನ್’ ಕಾನೂನು ಅಮೆರಿಕದ ಶಿಕ್ಷಣ ಸಂಸ್ಥೆಗಳು ಹೆಣ್ಣುಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂದು ಕಟ್ಟು ಮಾಡಿದ ಮೇಲೆ ಸಾಫ್ಟ್‌ಬಾಲ್‌ಗೆ ವಿದ್ಯಾರ್ಥಿವೇತನ, ಮೈದಾನ, ತರಬೇತುದಾರರು ಎಲ್ಲವೂ ಬಂದವು. ಪ್ರತಿ ವರ್ಷ ಮೇ ಕೊನೆಯಲ್ಲಿ ಒಕ್ಲಹೋಮ ಸಿಟಿಯಲ್ಲಿ ನಡೆಯುವ ಕಾಲೇಜು ವಿಶ್ವ ಸರಣಿಗೆ ದಿನಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. 2025ರ ನಿರ್ಣಾಯಕ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಿದವರು 20 ಲಕ್ಷಕ್ಕೂ ಅಧಿಕ. ಆಟಗಾರ್ತಿಯರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಲು ಅನುಮತಿ ಸಿಕ್ಕ ಮೇಲಂತೂ ಲೆಕ್ಕ ಇನ್ನಷ್ಟು ಬದಲಾಗಿದೆ. ಪಿಚರ್ ನಿಜಾರಿ ಕನಡಿ 2024ರಲ್ಲಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯ ಸೇರಿದಾಗ ಒಂದೇ ವರ್ಷಕ್ಕೆ ಪಡೆದ ಒಪ್ಪಂದ 10 ಲಕ್ಷ ಡಾಲರ್‌ಗೂ ಮಿಗಿಲು. ಅಂದರೆ ಆ್ಯಬಟ್‌ಗೆ ಆರು ವರ್ಷಕ್ಕೆ, ಅದೂ ಷರತ್ತಿನ ಮೇಲೆ ಹೇಳಿದ ಮೊತ್ತ ಈಗ ಒಬ್ಬ ವಿದ್ಯಾರ್ಥಿನಿಗೆ ಒಂದು ವರ್ಷಕ್ಕೆ ಸಿಗುತ್ತಿದೆ. ಓದುವಾಗ ಕೋಟಿ, ಓದು ಮುಗಿಸಿ ‘ವೃತ್ತಿಪರ’ಳಾದ ಮೇಲೆ ಅದರ ಒಂದು ಚೂರು. ಎಲ್ಲರಿಗೂ ಕನಡಿಯಷ್ಟು ಸಿಗುವುದಿಲ್ಲ ಎಂಬುದು ನಿಜ; ಆದರೂ ಪದವಿ ಮುಗಿಸಿದವಳಿಗೆ ಮುಂದಿನ ಮೆಟ್ಟಿಲು ಕೆಳಮುಖವಾಗಿದ್ದರೆ ಅವಳು ಹತ್ತುವುದಾದರೂ ಏಕೆ ಎಂಬ ಪ್ರಶ್ನೆ ಹೊಸ ಲೀಗ್‌ನ ಎದುರಿಗಿದೆ.

ಕಾಲೇಜು ಆಟ ಸೇರಿಸಿದ ಆ ಪ್ರೇಕ್ಷಕರನ್ನು ಬೇಸಿಗೆಯಲ್ಲೂ ಹಿಡಿದಿಟ್ಟುಕೊಳ್ಳುವುದು ಇದಕ್ಕೆ ಲೀಗ್ ಕಂಡುಕೊಂಡ ಉತ್ತರ. ಅದರ ಬೆಲೆ ತೆರುವುದು ಆಟಗಾರ್ತಿಯರ ತೋಳು. 2025ರ ಕಾಲೇಜು ಫೈನಲ್‌ನ ಮೂರನೆಯ ಪಂದ್ಯ ಜೂನ್ 6ರ ರಾತ್ರಿ ಮುಗಿಯಿತು; ವೃತ್ತಿಪರ ಲೀಗ್ ಮರುದಿನವೇ ಶುರುವಾಯಿತು. ಕಾಲೇಜು ಋತು ಆರಂಭವಾಗುವುದು ಫೆಬ್ರುವರಿಯಲ್ಲಿ. ನಾಲ್ಕು ತಿಂಗಳು ಚೆಂಡೆಸೆದು ಬಂದವಳು ಹೊಸ ಊರು, ಹೊಸ ಕ್ಯಾಚರ್, ಹೊಸ ಸನ್ನೆಗಳಿಗೆ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳಬೇಕು. ಕೆಳಗಿನಿಂದ ಎಸೆಯುವುದರಿಂದ ತೋಳಿಗೆ ದಣಿವಿಲ್ಲ ಎಂಬ ನಂಬಿಕೆ ಬಹುಕಾಲ ಇತ್ತು. ಅದು ಸರಿಯಲ್ಲ, ಆ ಪೂರ್ತಿ ಸುತ್ತಿನಲ್ಲಿ ಭುಜದ ಮುಂಭಾಗ ಮತ್ತು ತೋಳಿನ ಮೇಲಿನ ಸ್ನಾಯುವಿನ ಬುಡದ ಮೇಲೆ ಬೀಳುವ ಎಳೆತ ಕಡಿಮೆಯೇನಲ್ಲ. ಆ ನಂಬಿಕೆಯ ಬಲದಲ್ಲೇ ಒಬ್ಬಳನ್ನೇ ಪಂದ್ಯದ ಮೇಲೆ ಪಂದ್ಯ ದುಡಿಸುವ ಅಭ್ಯಾಸ ಬೆಳೆದಿದೆ. 2025ರ ವಿಶ್ವ ಸರಣಿಯಲ್ಲಿ ಟೆಕ್ಸಸ್ ಟೆಕ್ ಪರ ಕೊನೆಯ ಪಂದ್ಯದವರೆಗೆ ಪ್ರತಿಯೊಂದು ಎಸೆತವನ್ನೂ ಕನಡಿಯೇ ಎಸೆದಳು. ನಿರ್ಣಾಯಕ ಪಂದ್ಯದ ಮೊದಲ ಇನಿಂಗ್ಸ್‌ನಲ್ಲೇ ಐದು ರನ್ ಕೊಟ್ಟು ಹೊರನಡೆದಳು, ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯ ಪ್ರಶಸ್ತಿ ಗೆದ್ದಿತು. ವೃತ್ತಿಪರ ತಂಡವೊಂದು ಹೊಸ ಋತುವಿಗೆ ಸಜ್ಜಾಗುವಾಗ ಮೂರು–ನಾಲ್ಕು ಪಿಚರ್‌ಗಳ ನಡುವೆ ಹೊರೆ ಹಂಚುವ ಲೆಕ್ಕ ಹಾಕುವುದು ಇದೇ ಕಾರಣಕ್ಕೆ. ಬ್ಯಾಟಿಂಗ್ ಬಗ್ಗೆ ಸುದ್ದಿಯಾಗುತ್ತದೆ, ಋತುವನ್ನು ಗೆಲ್ಲಿಸುವುದು ಈ ಹಂಚಿಕೆ.

ಇಲ್ಲಿ ಬೆಂಗಳೂರಿನ ಮಾತು ಬರುತ್ತದೆ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾದಾಗ ಐದು ತಂಡಗಳ ಮಾರಾಟದಿಂದ ಬಿಸಿಸಿಐಗೆ ಬಂದದ್ದು ಸುಮಾರು 4,670 ಕೋಟಿ ರೂಪಾಯಿ. ಅದರಲ್ಲಿ ಬೆಂಗಳೂರು ತಂಡದ ಬೆಲೆ 901 ಕೋಟಿ. ಹರಾಜಿನಲ್ಲಿ ಸ್ಮೃತಿ ಮಂದಾನ 3.4 ಕೋಟಿಗೆ ಆರ್‌ಸಿಬಿ ಪಾಲಾದಳು. ಹಣಕ್ಕೇನೂ ಬರವಿರಲಿಲ್ಲ. ಆದರೆ ಮೊದಲ ಋತು ಪೂರ್ತಿ ನಡೆದದ್ದು ಮುಂಬೈ ಮತ್ತು ನವಿ ಮುಂಬೈಯಲ್ಲಿ. ಬೆಂಗಳೂರಿನ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಐದು ಪಂದ್ಯಗಳನ್ನು ಸಾಲಾಗಿ ಸೋತಿತು. ಆ ತಿಂಗಳು ನಮ್ಮಲ್ಲಿ ಆ ಸೋಲಿನ ಬಗ್ಗೆ ನಡೆದ ಮಾತುಕತೆಯಲ್ಲಿ ಸಂಕಟಕ್ಕಿಂತ ತಮಾಷೆಯೇ ಹೆಚ್ಚಿತ್ತು ಎಂಬುದು ನನ್ನ ನೆನಪು. ಸೋತದ್ದು ನಮ್ಮ ತಂಡ ಎಂಬ ಭಾವ ಇನ್ನೂ ಹುಟ್ಟಿರಲಿಲ್ಲ. ಗಂಡಸರ ತಂಡದ ಹಳೆಯ ಸೋಲುಗಳಿಗೆ ಇದೂ ಒಂದು ಸೇರ್ಪಡೆ ಎಂಬಂತಿತ್ತು.

2024ರ ಫೆಬ್ರುವರಿಯಲ್ಲಿ ಟೂರ್ನಿಯ ಮೊದಲಾರ್ಧ ಚಿನ್ನಸ್ವಾಮಿಗೆ ಬಂತು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಿಂದ ಕೆಂಪು ಅಂಗಿ ತೊಟ್ಟ ಹುಡುಗಿಯರು ಗುಂಪುಗುಂಪಾಗಿ ಹೊರಬರುವುದನ್ನು ನೋಡಿದಾಗ, ಕ್ರೀಡಾಂಗಣದತ್ತ ಹೋಗುವ ಆ ಕಾಲುದಾರಿ ಇಷ್ಟು ವರ್ಷ ಯಾರದಾಗಿತ್ತು ಎಂಬುದು ಒಮ್ಮೆಲೇ ಅರಿವಿಗೆ ಬಂತು. ಎಲಿಸ್ ಪೆರಿ ಬಾರಿಸಿದ ಸಿಕ್ಸರ್ ಅಲ್ಲಿ ಪ್ರದರ್ಶನಕ್ಕಿಟ್ಟ ಕಾರಿನ ಗಾಜು ಒಡೆಯಿತು. ಮರುದಿನ ಆಫೀಸುಗಳಲ್ಲಿ ಅದೇ ಮಾತು. ಮಾರ್ಚ್ 17ರಂದು ದೆಹಲಿಯಲ್ಲಿ ಫೈನಲ್ ಗೆದ್ದಾಗ, 12 ರನ್ನಿಗೆ 4 ವಿಕೆಟ್ ಕಿತ್ತ ನಮ್ಮ ಶ್ರೇಯಾಂಕಾ ಪಾಟೀಲ್ ಹೆಸರು ಮನೆಮನೆಯ ಹೆಸರಾಯಿತು. ‘ಈ ಸಲ ಕಪ್ ನಮ್ದೇ’ ಎಂಬ ಹರಕೆಯಂಥ ಘೋಷಣೆಯನ್ನು ಮಂದಾನ ‘ಈ ಸಲ ಕಪ್ ನಮ್ದು’ ಎಂದು ತಿದ್ದಿದಳು. ಒಂದು ಅಕ್ಷರದ ಆ ತಿದ್ದುಪಡಿಗೆ ಗಂಡಸರ ತಂಡ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ತವರಿನಂಗಳ ಗೆಲುವಿನ ಖಾತರಿ ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. 2025ರಲ್ಲಿ ಆರ್‌ಸಿಬಿ ಮಹಿಳೆಯರು ಚಿನ್ನಸ್ವಾಮಿಯಲ್ಲಿ ಆಡಿದ ನಾಲ್ಕೂ ಪಂದ್ಯ ಸೋತರು. ಆದರೆ ಆ ಸೋಲು ಊರಿಗೆ ತಾಗಿತು. 2023ರ ಸೋಲಿಗೂ 2025ರ ಸೋಲಿಗೂ ಇರುವ ವ್ಯತ್ಯಾಸ ಅದು, ಮತ್ತು ಬ್ಯಾಂಡಿಟ್ಸ್ ಈಗ ಷಿಕಾಗೊದಿಂದ ಬಯಸುತ್ತಿರುವುದೂ ಅದನ್ನೇ. 2026ರಲ್ಲಿ ನಮ್ಮ ಲೀಗ್ ಮತ್ತೆ ನವಿ ಮುಂಬೈ, ವಡೋದರಾಗಳಿಗೆ ಸೀಮಿತವಾಯಿತು. ಷಿಕಾಗೊಗೆ ತಂಡ ಮರಳಿದ ವರ್ಷವೇ ಬೆಂಗಳೂರಿನ ತಂಡ ತವರಿನಿಂದ ದೂರ ಉಳಿಯಿತು.

ಎರಡು ಲೀಗ್‌ಗಳಿಗೂ ಆಸರೆಯೊಂದಿದೆ, ಆದರೆ ಆಸರೆಯ ಸ್ವರೂಪ ಬೇರೆ. ಡಬ್ಲ್ಯುಪಿಎಲ್‌ನ ಬೆನ್ನಿಗೆ ಬಿಸಿಸಿಐ ಇದೆ. ಐದು ವರ್ಷದ ಪ್ರಸಾರ ಹಕ್ಕು ಮೊದಲ ಪಂದ್ಯಕ್ಕೆ ಮುಂಚೆಯೇ 951 ಕೋಟಿಗೆ ಹೋಗಿತ್ತು. ಟೂರ್ನಿ ಮುಗಿದ ಮೇಲೂ ದೇಶದ ಪರ ಆಡುವವರಿಗೆ ವಾರ್ಷಿಕ ಗುತ್ತಿಗೆ, ಗಂಡಸರಷ್ಟೇ ಪಂದ್ಯ ಶುಲ್ಕ ಉಂಟು. ಅಮೆರಿಕದ ಲೀಗ್‌ನಲ್ಲಿ 2025ರ ಮೇ ಕೊನೆಯಲ್ಲಿ ಗಂಡಸರ ವೃತ್ತಿಪರ ಬೇಸ್‌ಬಾಲ್ ನಡೆಸುವ ಮೇಜರ್ ಲೀಗ್ ಬೇಸ್‌ಬಾಲ್ ಹಣ ಹೂಡಿತು. ಬೇಸ್‌ಬಾಲ್ ತಂಡವೊಂದರ ಜನರಲ್ ಮ್ಯಾನೇಜರ್ ಆದ ಮೊದಲ ಮಹಿಳೆ ಕಿಮ್ ಎಂಗ್ ಈಗ ಸಾಫ್ಟ್‌ಬಾಲ್ ಲೀಗ್‌ನ ಕಮಿಷನರ್. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ಲೀಸಾ ಫರ್ನಾಂಡಿಸ್ ಚಾಂಪಿಯನ್ ಟ್ಯಾಲನ್ಸ್ ತಂಡವನ್ನು ಕಟ್ಟಿದವಳು. ಹಳೆಯ ಲೀಗ್‌ಗಳಿಗೆ ಇಂಥ ಬೆನ್ನೆಲುಬು ಇರಲಿಲ್ಲ. ಆದರೂ ಇಲ್ಲಿ ಒಂದು ಎಚ್ಚರ ಬೇಕು. ಹಂಬು ಚಪ್ಪರವನ್ನು ನೆಚ್ಚಿ ಬೆಳೆಯುವುದು ಸರಿ. ಚಪ್ಪರದ ಒಡೆಯನಿಗೆ ತನ್ನದೇ ತೋಟವಿದೆ. ಬೇಸ್‌ಬಾಲ್ ಆಡಳಿತಕ್ಕೆ ಸಾಫ್ಟ್‌ಬಾಲ್ ಎಷ್ಟು ವರ್ಷ ಲಾಭವಿಲ್ಲದೆ ಬೇಕಾಗುತ್ತದೆ ಎಂಬುದು ಮೊದಲ ಎರಡು ಋತುಗಳಲ್ಲಿ ತಿಳಿಯುವ ಸಂಗತಿಯಲ್ಲ.

ಜಪಾನ್ ಬೇರೊಂದು ದಾರಿ ಹಿಡಿದಿದೆ, ಮತ್ತು ನನಗೆ ಅದೇ ಹೆಚ್ಚು ಗಟ್ಟಿಯೆನಿಸುತ್ತದೆ. ಅಲ್ಲಿ ಸಾಫ್ಟ್‌ಬಾಲ್ ತಂಡಗಳು ಕಂಪನಿಗಳ ತಂಡಗಳು: ಟೊಯೊಟಾ, ಡೆನ್ಸೊ, ಹೋಂಡಾ, ಹಿಟಾಚಿ. ಆಟಗಾರ್ತಿಯರಲ್ಲಿ ಹೆಚ್ಚಿನವರು ಆ ಕಂಪನಿಗಳ ನೌಕರರು, ತಿಂಗಳ ಸಂಬಳದವರು. ಆ್ಯಬಟ್ ಕೂಡ ಹಲವು ವರ್ಷ ಟೊಯೊಟಾ ಪರ ಆಡಿದ್ದು ಈ ಕಾರಣಕ್ಕೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಪಿಚರ್ ಯುಕಿಕೊ ಉಎನೊ ಎರಡು ದಿನಗಳಲ್ಲಿ ಮೂರು ಪಂದ್ಯ, 413 ಎಸೆತ ಎಸೆದು ಅಮೆರಿಕವನ್ನು ಸೋಲಿಸಿದಳು. ಮುಂದಿನ ಎರಡು ಒಲಿಂಪಿಕ್ಸ್‌ಗಳಲ್ಲಿ ಸಾಫ್ಟ್‌ಬಾಲ್ ಇರಲೇ ಇಲ್ಲ. ಟೋಕಿಯೊದಲ್ಲಿ ಆಟ ಮರಳಿದಾಗ, 2021ರ ಜುಲೈನಲ್ಲಿ, 39ರ ಹರೆಯದ ಅದೇ ಉಎನೊ ಮತ್ತೆ ಅಮೆರಿಕದ ವಿರುದ್ಧ ಫೈನಲ್‌ನಲ್ಲಿ ಎಸೆದು ಚಿನ್ನ ಗೆದ್ದಳು. ಆ ಹದಿಮೂರು ವರ್ಷ ಅವಳನ್ನು ಕಾದದ್ದು ಕಂಪನಿಯ ನೌಕರಿ. ತಂಡವನ್ನು ನಡೆಸುತ್ತಿದ್ದ ಚಿಪ್ ತಯಾರಕ ಕಂಪನಿ ಕೈಬಿಟ್ಟಾಗ ಎಲೆಕ್ಟ್ರಾನಿಕ್ ಅಂಗಡಿಗಳ ದೊಡ್ಡ ಸಂಸ್ಥೆಯೊಂದು ತಂಡವನ್ನು ವಹಿಸಿಕೊಂಡಿತು. ಇದು ಬೆಂಗಳೂರಿನ ಹಿರಿಯರಿಗೆ ಹೊಸ ಕಥೆಯಲ್ಲ. ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳ ಕಾಲದಲ್ಲಿ ಆಟ ಆಡುವವನಿಗೆ ಕಾರ್ಖಾನೆಯ ಕೆಲಸ, ಕ್ವಾರ್ಟರ್ಸ್, ಪಿಂಚಣಿ ಇತ್ತು. ಕಾರ್ಖಾನೆಗಳು ಸೊರಗಿದವು, ತಂಡಗಳೂ ಸೊರಗಿದವು. ಫ್ರಾಂಚೈಸಿ ಬಂದಾಗ ಹಣ ಹತ್ತಾರು ಪಟ್ಟು ಬೆಳೆಯಿತು, ಆದರೆ ನಲವತ್ತನೆಯ ವಯಸ್ಸಿನ ಪ್ರಶ್ನೆಗೆ ಉತ್ತರ ಅದರಲ್ಲಿಲ್ಲ.

ಒಲಿಂಪಿಕ್ಸ್‌ನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2004ರ ಅಥೆನ್ಸ್‌ನಲ್ಲಿ ಅಮೆರಿಕ ಒಂಬತ್ತು ಪಂದ್ಯಗಳಲ್ಲಿ 51 ರನ್ ಗಳಿಸಿ ಒಂದೇ ಒಂದು ರನ್ ಬಿಟ್ಟುಕೊಟ್ಟಿತು. ಮರುವರ್ಷ ಸಿಂಗಪುರದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ (ಐಒಸಿ) ಸದಸ್ಯರು ಸಾಫ್ಟ್‌ಬಾಲ್ ಮೇಲೆ ಮತ ಹಾಕಿದಾಗ ಎಣಿಕೆ 52–52. ಬಹುಮತ ಸಿಗದೆ ಆಟ ಹೊರಬಿತ್ತು. 2028ರ ಲಾಸ್ ಏಂಜಲೀಸ್‌ಗೆ ಅದನ್ನು ಮರಳಿ ಸೇರಿಸುವ ತೀರ್ಮಾನವಾದದ್ದು 2023ರ ಅಕ್ಟೋಬರ್ 16ರಂದು, ನಮ್ಮ ಮುಂಬೈಯಲ್ಲಿ. ಕ್ರಿಕೆಟ್ ಸೇರ್ಪಡೆಯಾದದ್ದೂ ಅದೇ ಮತದಾನದಲ್ಲಿ. ಹಾಗಾಗಿ ನಮ್ಮ ಪತ್ರಿಕೆಗಳಲ್ಲಿ ಸಾಫ್ಟ್‌ಬಾಲ್‌ಗೆ ಸಿಕ್ಕಿದ್ದು ಅರ್ಧ ಸಾಲು. ಪಂದ್ಯಗಳು ನಡೆಯುವುದು ಒಕ್ಲಹೋಮ ಸಿಟಿಯಲ್ಲಿ, ಕಾಲೇಜು ವಿಶ್ವ ಸರಣಿಯ ಅದೇ ಅಂಗಳದಲ್ಲಿ. ಈಗಿನ ಲೀಗ್‌ನ ಅವಸರಕ್ಕೆ ಇದೂ ಕಾರಣ: 2028ರ ಬೇಸಿಗೆಯಲ್ಲಿ ಜಗತ್ತಿನ ಕಣ್ಣು ಈ ಆಟದ ಮೇಲೆ ಬೀಳುವ ಮುನ್ನ ಊರುಗಳಲ್ಲಿ ಬೇರು ಬಿಟ್ಟಿರಬೇಕು. ಒಲಿಂಪಿಕ್ಸ್ ಸ್ಥಾನ ಆತಿಥೇಯ ನಗರದ ಇಚ್ಛೆಗೆ ಬಿಟ್ಟದ್ದು, ಬಂದಷ್ಟೇ ಸುಲಭವಾಗಿ ಹೋಗಬಹುದು ಎಂಬ ಪಾಠವನ್ನು ಇವರು ಕಷ್ಟಪಟ್ಟು ಕಲಿತಿದ್ದಾರೆ.

ನಮ್ಮಲ್ಲಿ ಸಾಫ್ಟ್‌ಬಾಲ್ ಇಲ್ಲವೇ ಎಂದು ಕೇಳಿದರೆ, ಇದೆ. ಶಾಲಾ ಕ್ರೀಡಾಕೂಟಗಳಲ್ಲಿ, ಅಂತರ ವಿಶ್ವವಿದ್ಯಾಲಯ ಟೂರ್ನಿಗಳಲ್ಲಿ ದಶಕಗಳಿಂದ ಇದೆ. ಬೆಂಗಳೂರಿನಿಂದ ಇನ್ನೂರು ಕಿ.ಮೀ. ದೂರದ ಅನಂತಪುರದ ಕ್ರೀಡಾ ಅಕಾಡೆಮಿಯಲ್ಲಿ ಹಳ್ಳಿಯ ಹುಡುಗಿಯರು ಆಡುತ್ತಾರೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಮಾನ್ಯವಾದ ಆಟಗಳ ಪಟ್ಟಿಯಲ್ಲೂ ಸಾಫ್ಟ್‌ಬಾಲ್ ಹೆಸರಿದೆ. ವೃತ್ತಿಪರ ಲೀಗ್ ಇಲ್ಲದ ಕಡೆ ಈ ಆಟ ಆಡುವ ಹುಡುಗಿಗೆ ಕಾಣುವ ದಾರಿ ಇದೊಂದೇ: ಪದಕ, ಪ್ರಮಾಣಪತ್ರ, ಅದರಿಂದ ರೈಲ್ವೆಯಲ್ಲೋ ಅಂಚೆ ಇಲಾಖೆಯಲ್ಲೋ ಒಂದು ನೌಕರಿ. ಅದನ್ನು ಕೀಳಾಗಿ ಕಾಣಬೇಕಿಲ್ಲ. ಜಪಾನಿನ ಪದ್ಧತಿಯ ಬಡ ತಂಗಿ ಅದು. ವ್ಯತ್ಯಾಸವೆಂದರೆ ಜಪಾನಿನಲ್ಲಿ ನೌಕರಿ ಸಿಕ್ಕ ಮೇಲೆ ಆಟ ಮುಂದುವರಿಯುತ್ತದೆ, ನಮ್ಮಲ್ಲಿ ಬಹುಪಾಲು ಮುಗಿಯುತ್ತದೆ. ಮೈದಾನದ ಕೊರತೆ ಎಂಬ ನೆಪ ಈ ಆಟಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಬೇಲಿಯವರೆಗಿನ ದೂರ 220 ಅಡಿ, ಆಟದ ಜಾಗ ಕಾಲು ವೃತ್ತ. ಅಕ್ಕಪಕ್ಕದ ಜಾಗ ಸೇರಿಸಿದರೂ ಒಂದೂವರೆ ಎಕರೆ ಮೀರದು. ಪೂರ್ಣ ಪ್ರಮಾಣದ ಕ್ರಿಕೆಟ್ ಮೈದಾನಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಬೆಂಗಳೂರಿನಲ್ಲಿ ಜಾಗವಿಲ್ಲ ಎನ್ನುವವರು ಭಾನುವಾರ ಬೆಳಿಗ್ಗೆ ಯಾವುದಾದರೂ ಕಾಲೇಜು ಮೈದಾನದಲ್ಲಿ ಒಂದರ ಮೇಲೊಂದು ಹೇರಿಕೊಂಡು ನಡೆಯುವ ನಾಲ್ಕೈದು ಕ್ರಿಕೆಟ್ ಪಂದ್ಯಗಳನ್ನು ನೋಡಲಿ.

ಷಿಕಾಗೊದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ಮರುದಿನ ಬೆಳಗಿನ ಐದೂವರೆಗೆ, ಜೂನ್‌ನ ಮೋಡದ ಬೆಳಕಿನಲ್ಲಿ, ಫಿಲ್ಟರ್ ಕಾಫಿ ಇಳಿಯುವ ಹೊತ್ತಿಗೆ. ನೋಡಲು ಮನಸ್ಸಾದವರಿಗೆ ಒಂದು ಸೂಚನೆ: ಮೊದಲ ಪಂದ್ಯದ ಜನಸಂದಣಿಯನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ಮೊದಲ ದಿನ ಎಲ್ಲ ಲೀಗ್‌ಗಳಿಗೂ ಜನ ಬರುತ್ತಾರೆ, 1976ರಲ್ಲೂ ಬಂದಿದ್ದರು. ಜುಲೈ ನಡುವೆ ಯಾವುದೋ ಮಂಗಳವಾರ, ಎರಡು ಪಂದ್ಯ ಸೋತು ಬಂದ ಬ್ಯಾಂಡಿಟ್ಸ್ ಮತ್ತೊಂದು ಸೋಲಿನತ್ತ ಸಾಗುತ್ತಿರುವಾಗ, ಆರನೆಯ ಇನಿಂಗ್ಸ್‌ನಲ್ಲಿ ಕ್ಯಾಮೆರಾ ಗ್ಯಾಲರಿಯತ್ತ ತಿರುಗಿದರೆ ಅಲ್ಲಿ ಎಷ್ಟು ಜನ ಇನ್ನೂ ಕೂತಿದ್ದಾರೆ ಎಂದು ಎಣಿಸಿ.